ಬಾಗಿಲು ಕಾಯುವವನ ಗೊಂಬೆ

“ಗುರುಗಳೇ, ಎರಡನ್ನೂ ಮಹಾಕಾವ್ಯಗಳೆನ್ನುತ್ತಾರೆ. ಒಂದರಲ್ಲಿ ಒಳ್ಳೆಯವನು ಎಲ್ಲಿಯೂ ಎಡವುವುದಿಲ್ಲ. ಕೆಟ್ಟವನನ್ನು ಅವನ ಕೋರೆಹಲ್ಲಿನಿಂದಲೇ ದೂರದಿಂದ ಗುರುತಿಸಬಹುದು. ಇನ್ನೊಂದರಲ್ಲಿ ಒಳ್ಳೆಯವನೂ ಸುಳ್ಳು ಹೇಳುತ್ತಾನೆ, ಕೆಟ್ಟವನೂ ಕೊಟ್ಟ ಮಾತಿಗಾಗಿ ಸಾಯುತ್ತಾನೆ. ಒಳಿತು ಕೆಡುಕುಗಳನ್ನು ಸರಿಯಾಗಿ ಕಂಡ ಕವಿ ಯಾರು?” ಎಂದು ಶಿಷ್ಯನೊಬ್ಬ ಕೇಳಿದ.

ಅವನು ಎರಡನ್ನೂ ಕೊನೆಯವರೆಗೆ ಓದಿದ್ದ. ಈಗ ಒಂದನ್ನು ಕೆಳಗಿಡಲೇಬೇಕೆಂದು ಅವನಿಗೆ ತೋರುತ್ತಿತ್ತು. ಯಾವುದನ್ನು ಇಡಬೇಕೆಂದು ಗುರುಗಳು ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿಗೆ ತೊಗಲುಗೊಂಬೆಯವನೊಬ್ಬ ವರ್ಷಕ್ಕೊಮ್ಮೆ ಬಂದು ಆಟ ಆಡಿಸುತ್ತಿದ್ದ. ಆ ಊರಿನಲ್ಲಿ ಪರದೆ ಕಟ್ಟುವ ಹಕ್ಕು ಅವನ ಅಜ್ಜನ ಕಾಲದಿಂದ ಅವನ ಮನೆತನದ್ದು. ಆಟ ಮುಗಿದ ಮೇಲೆ ಊರಗೌಡ ತಾಂಬೂಲ ಕೊಟ್ಟರೆ ಮುಂದಿನ ವರ್ಷವೂ ಬರಬೇಕೆಂದು ಅರ್ಥ. ಮೂರು ತಲೆಮಾರು ಆ ತಾಂಬೂಲ ತಪ್ಪಿರಲಿಲ್ಲ. ಆಡಿಸುತ್ತಿದ್ದುದು ಮಾತ್ರ ಒಂದೇ ಕತೆ, ಕೊನೆಯಲ್ಲಿ ದುಷ್ಟನ ತಲೆ ಉರುಳಿದಾಗ ಜನ ಕೇಕೆ ಹಾಕುವಂಥದು. ಒಂದು ವರ್ಷ ಗೌಡ ಹೇಳಿಕಳಿಸಿದ. ಈ ಕತೆ ಊರಿನ ಮಕ್ಕಳಿಗೂ ಬಾಯಿಪಾಠವಾಗಿದೆ, ಈ ಸಲ ಇನ್ನೊಂದು ಕತೆ ಬೇಕು, ನಿನ್ನಿಂದಾಗದಿದ್ದರೆ ಹೊಳೆಯಾಚೆಯ ಮೇಳದವರು ಆಡಿಸುತ್ತೇವೆನ್ನುತ್ತಿದ್ದಾರೆ ಎಂದು.

ಗೊಂಬೆಯವನು ಒಪ್ಪಿಕೊಂಡ. ಒಪ್ಪದೆ ದಾರಿಯಿರಲಿಲ್ಲ. ಇನ್ನೊಂದು ಕಾವ್ಯದಿಂದ ಯುದ್ಧದ ಕತೆಯೊಂದನ್ನು ಆರಿಸಿ, ಅದಕ್ಕೆ ಬೇಕಾದ ಗೊಂಬೆಗಳನ್ನು ಹೊಸದಾಗಿ ಕೊರೆಯಲು ಕುಳಿತ.

ಅವನ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಒಳ್ಳೆಯವರನ್ನು ಜಿಂಕೆಯ ತೊಗಲಿನಲ್ಲಿ ಮಾಡಬೇಕು. ಅದು ತೆಳು, ದೀಪದ ಬೆಳಕು ಅದರಲ್ಲಿ ತಿಳಿಯಾಗಿ ಹಾಯುತ್ತದೆ. ಕೆಟ್ಟವರಿಗೆ ಕೋಣನ ತೊಗಲು. ಅದರ ನೆರಳು ಕಪ್ಪು. ಆದ್ದರಿಂದ ಉಳಿ ಹಿಡಿಯುವ ಮೊದಲೇ ಯಾರು ಎಂಥವರೆಂದು ತೀರ್ಮಾನವಾಗಬೇಕು. ಹಳೆಯ ಕತೆಯಲ್ಲಿ ಇದು ಎಂದೂ ತೊಡಕಾಗಿರಲಿಲ್ಲ. ಅಜ್ಜನೇ ತೀರ್ಮಾನಿಸಿ ಹೋಗಿದ್ದ.

ಹೊಸ ಕತೆಯಲ್ಲಿ ಉಳಿದವರನ್ನೆಲ್ಲ ಹೇಗೋ ವಿಂಗಡಿಸಿದ. ಒಬ್ಬನ ಹತ್ತಿರ ಬಂದಾಗ ಕೈ ನಿಂತಿತು. ಅವನು ದುಷ್ಟರಾಜನ ಕೋಟೆಯ ಬಾಗಿಲು ಕಾಯುವವನು. ಯುದ್ಧದ ಮೊದಲ ದಿನ ಹಳ್ಳಿಯವರು ಮಕ್ಕಳನ್ನೆತ್ತಿಕೊಂಡು ಕೋಟೆಗೆ ಓಡಿಬರುತ್ತಾರೆ. ಒಳಗೆ ಬಿಡಬೇಡ ಎನ್ನುತ್ತಾನೆ ರಾಜ. ಇವನು ಅವರ ಮುಖದ ಮೇಲೆ ಬಾಗಿಲು ಹಾಕುತ್ತಾನೆ. ಮೂರನೆಯ ದಿನ, ಅವರಲ್ಲಿ ಬದುಕಿ ಉಳಿದವರು ಮತ್ತೆ ಬರುತ್ತಾರೆ. ರಾಜ ಮತ್ತೆ ಅದೇ ಮಾತು ಹೇಳುತ್ತಾನೆ. ಇವನು ಬಾಗಿಲು ತೆಗೆಯುತ್ತಾನೆ; ಅದಕ್ಕಾಗಿ ಅಲ್ಲಿಯೇ ಸಾಯುತ್ತಾನೆ.

ಜಿಂಕೆಯೋ ಕೋಣವೋ? ಗೊಂಬೆಯವನು ಕಾವ್ಯ ಬಲ್ಲ ಶಾನುಭೋಗರ ಮನೆಗೆ ಹೋಗಿ ಕೇಳಿದ.

“ಪದ್ಯದಲ್ಲಿ ಅವನ ತೊಗಲಿನ ವಿಷಯ ಬರೆದಿಲ್ಲವಲ್ಲಯ್ಯ” ಎಂದರು ಶಾನುಭೋಗರು.

“ನೀವು ಓದುವವರು, ಸ್ವಾಮಿ. ಒಂದು ಪದ್ಯ ಮುಗಿದರೆ ಮುಂದಿನದಕ್ಕೆ ಹೋಗುತ್ತೀರಿ. ನಾನು ಇವತ್ತು ತೊಗಲು ನೆನೆಹಾಕಬೇಕು.”

ಎರಡು ದಿನ ಉಳಿ ಸುಮ್ಮನೆ ಬಿದ್ದಿತ್ತು. ಕೊನೆಗೆ ಹೆಂಡತಿ ಉಪಾಯ ಹೇಳಿಕೊಟ್ಟಳು. ಒಬ್ಬನೇ ರಾಜನಿಗೆ ಕೂತ ಗೊಂಬೆ ಒಂದು, ಯುದ್ಧದ ಗೊಂಬೆ ಒಂದು ಮಾಡುವುದು ಅವರಲ್ಲಿ ಇದ್ದೇ ಇತ್ತು. ಬಾಗಿಲು ಕಾಯುವವನಿಗೂ ಎರಡು ಮಾಡಿದರಾಯಿತು, ಮೊದಲ ದಿನಕ್ಕೆ ಕೋಣ, ಮೂರನೆಯ ದಿನಕ್ಕೆ ಜಿಂಕೆ ಎಂದಳು. ಗೊಂಬೆಯವನ ಎದೆಯ ಮೇಲಿನ ಕಲ್ಲು ಇಳಿಯಿತು. ಒಂದಕ್ಕೆ ಉಬ್ಬಿದ ಕಣ್ಣು, ತುಟಿಯಂಚಿಗೆ ಕೋರೆ ಇಟ್ಟ. ಇನ್ನೊಂದಕ್ಕೆ ಕಮಲದ ಎಸಳಿನಂಥ ಕಣ್ಣು ಕೊರೆದ. ಅಷ್ಟು ಒಳ್ಳೆಯ ಗೊಂಬೆಯನ್ನು ತಾನು ಹಿಂದೆಂದೂ ಮಾಡಿಲ್ಲವೆಂದು ಅವನಿಗೇ ಅನ್ನಿಸಿತು.

ಯುದ್ಧದ ಒಂದೊಂದು ದಿನಕ್ಕೆ ಒಂದೊಂದು ರಾತ್ರಿಯಂತೆ ಮೂರು ರಾತ್ರಿ ಆಟ. ಮೊದಲ ದಿನದ ಆಟ ಗೆದ್ದಿತು. ಪರದೆಯ ಹಿಂದೆ ಕುಳಿತವನಿಗೆ ಜನ ಕಾಣುವುದಿಲ್ಲ. ಕಿವಿಯಿಂದಲೇ ಅವರನ್ನು ಅಳೆಯಬೇಕು. ಕೋಟೆಯ ಬಾಗಿಲು ಮುಚ್ಚಿದಾಗ ಹೆಂಗಸರು ಗೊಂಬೆಗೆ ಹಿಡಿಶಾಪ ಹಾಕಿದ್ದು ಅವನಿಗೆ ಕೇಳಿಸಿತು. ಮುಂದೆ ಕುಳಿತಿದ್ದ ಒಬ್ಬ ಮುದುಕಿಯಂತೂ ಲಟಿಕೆ ಮುರಿದು ಬೈದಳು.

ಮೂರನೆಯ ದಿನ ಹಳ್ಳಿಯವರು ಮತ್ತೆ ಬಾಗಿಲಿಗೆ ಬಂದರು. ಗೊಂಬೆಯವನು ಜಿಂಕೆಯ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದು, ಕರುಣದ ಪದವನ್ನು ಗಂಟಲು ತುಂಬಿ ಹಾಡಿದ. ಬಣ್ಣಗಳು ಬೆಳಗಿದವು. ಆಚೆಯಿಂದ ಅಳುವಿನ ಸದ್ದು ಬರಬೇಕಾಗಿತ್ತು. ಯಾರೋ ಕೆಮ್ಮಿದರು. ಯಾರೋ ಪಕ್ಕದವರ ಹತ್ತಿರ ಸುಣ್ಣ ಕೇಳಿದರು.

ಆಮೇಲೆ ಆ ಮುದುಕಿಯ ದನಿ ಬಂತು. “ಏನಪ್ಪ ಗೊಂಬೆಯವನೇ, ಮೊನ್ನೆ ಬಾಗಿಲು ಹಾಕಿದನಲ್ಲ, ಅವನು ಯಾವ ಸಂತೆಗೆ ಹೋದ? ಇವನ್ಯಾರು, ಅವನ ಭಾವಮೈದುನನೇ?”

ಜನ ನಕ್ಕರು. ನಗೆಯ ನಡುವೆ, ಗೌಡ ಎದ್ದು ಕಾಲಲ್ಲೇ ಕೆರ ಹುಡುಕುವ ಸದ್ದು ಕೇಳಿಸಿತು.

ಇದು ಅಜ್ಜ ಗಳಿಸಿದ ಊರು. ತನ್ನ ಕೈಯಲ್ಲೇ ಹೋಗುತ್ತಿತ್ತು. ಅವನು ಜಿಂಕೆಯ ಗೊಂಬೆಯನ್ನು ಕೆಳಗಿಟ್ಟು, ಕೆಟ್ಟವರ ಪೆಟ್ಟಿಗೆಗೆ ಕೈ ಹಾಕಿ ಕೋಣನ ಗೊಂಬೆಯನ್ನು ತೆಗೆದ. ಹೆಂಡತಿ ಅವನ ತೋಳು ಹಿಡಿದಳು. ಆ ತೊಗಲಿನಿಂದ ಒಳ್ಳೆಯ ಕೆಲಸ ಮಾಡಿಸಿದವರು ಅವರ ಮನೆತನದಲ್ಲಿ ಯಾರೂ ಇರಲಿಲ್ಲ. ಅವನು ತೋಳು ಬಿಡಿಸಿಕೊಂಡ.

ಕಪ್ಪು ನೆರಳು ಬಾಗಿಲ ಮುಂದೆ ಬಂದು ನಿಂತಿತು. ಆ ಮುಖಕ್ಕೆ ಕರುಣದ ಪದ ಒಗ್ಗುವಂತಿರಲಿಲ್ಲ, ಅಲ್ಲಿಗೆ ಹೊಂದುವ ಬೇರೆ ಪದ ಗೊಂಬೆಯವನಿಗೆ ಬರುತ್ತಿರಲಿಲ್ಲ. ಹಾಡು ನಿಲ್ಲಿಸಿದ. ಆ ಗೊಂಬೆಗೆ ಆಡುವ ಕೈ ಒಂದೇ. ಮೊನ್ನೆ ಅಗುಳಿ ಹಾಕಿದ್ದೂ ಆ ಕೈಯೇ. ಅದನ್ನೇ ಮೆಲ್ಲಗೆ ಎತ್ತಿ ಅಗುಳಿ ಸರಿಸಿದ.

“ಅವನೇ” ಎಂದಳು ಮುದುಕಿ.

ಆಮೇಲೆ ಕೆಮ್ಮೂ ಇಲ್ಲ, ಕೆರದ ಸದ್ದೂ ಇಲ್ಲ. ರಾಜನ ಆಳುಗಳು ಬಂದು ಆ ಗೊಂಬೆಯನ್ನು ಕೆಡವಿದಾಗ, ಅದಕ್ಕೆ ಹಿಡಿಶಾಪ ಹಾಕಿದ್ದವರೇ ಬಿಕ್ಕಿದ್ದು ಪರದೆಯ ಹಿಂದಕ್ಕೆ ಕೇಳಿಸಿತು. ಆಟ ಮುಗಿದ ಮೇಲೆ ಗೌಡ ತಾನೇ ತಾಂಬೂಲ ಹಿಡಿದು ಪರದೆಯ ಹಿಂದಕ್ಕೆ ಬಂದ. ಅದನ್ನು ಗೊಂಬೆಯವನ ಕೈಯಲ್ಲಿಟ್ಟು ಹೋದ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತು. ತನಗೆ ಬೇಕಾದ ಉತ್ತರ ಸಿಕ್ಕಿತೆಂದುಕೊಂಡ.

“ಹಾಗಾದರೆ ಎರಡನೆಯ ಕಾವ್ಯವೇ ಹೆಚ್ಚಿನದು. ಮೊದಲನೆಯದನ್ನು ಇನ್ನು ಓದಬೇಕಾಗಿಲ್ಲ” ಎಂದ.

“ಮರುವರ್ಷ ಆ ಊರಿನವರು ಹಳೆಯ ಕತೆಯನ್ನೇ ಕೇಳಿ ಆಡಿಸಿದರು; ದುಷ್ಟನ ತಲೆ ಉರುಳಿದಾಗ ಆ ಸಲ ಯಾರೂ ಕೇಕೆ ಹಾಕಲಿಲ್ಲ” ಎಂದರು ಗುರುಗಳು.