ಗೌರವ್ವನ ಅಡಕೊತ್ತು

ದಾವಣಗೆರೆಯ ಹಳೇ ಬಡಾವಣೆಯೊಂದರಲ್ಲಿ ಕೊಟ್ರೇಶ ಅಂತ ಒಬ್ಬ ಅಂಗಡಿಕಾರನಿದ್ದ. ಮಿಕ್ಸಿ, ಕುಕ್ಕರ್, ಫ್ಯಾನು ಮಾರುವ ಅಂಗಡಿ ಅವನದು. ಯಾರಾದರೂ ಕೆಟ್ಟ ಮಿಕ್ಸಿ ಹೊತ್ತುಕೊಂಡು ಬಂದು "ಸ್ವಲ್ಪ ನೋಡ್ತೀರಾ?" ಅಂದರೆ ಅವನಿಗೆ ನಗು ಬರುತ್ತಿತ್ತು. "ರಿಪೇರಿ ಮಾಡ್ಕೊಂಡು ಕೂರೋ ಕಾಲ ಹೋಯ್ತು ಬಿಡ್ರಿ. ಹಳೇದು ಬಿಸಾಕಿ, ಹೊಸದು ಒಯ್ಯಿರಿ" ಅನ್ನುವನು. ಅಂಗಡಿಯ ಮಾತನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪುಣ್ಯಾತ್ಮ ಅದನ್ನು ಮನೆಗೂ ತಂದ.

ಅವನ ಅಪ್ಪ ಮುರಿಗೆಪ್ಪ ಹಾಗಿರಲಿಲ್ಲ. ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ಭಾನುವಾರ ಬಂತೆಂದರೆ ತಗಡಿನ ಪೆಟ್ಟಿಗೆ ತೆಗೆದು ಪಡಸಾಲೆಯಲ್ಲಿ ಕೂತುಬಿಡುತ್ತಿದ್ದ. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ನಿಂತ ಗಡಿಯಾರ, ಒಂದನ್ನೂ ಬಿಡುತ್ತಿರಲಿಲ್ಲ. ಹೆಂಡತಿ ಗೌರವ್ವ ಅಡಿಕೆ ಕತ್ತರಿಸುವ ಅಡಕೊತ್ತಿನ ಹಿಡಿ ಒಮ್ಮೆ ಮುರಿದಾಗ, ಗಿರಣಿಯಿಂದ ಯಾವುದೋ ಕಂಬಿ ತಂದು ಬೆಸೆದುಕೊಟ್ಟಿದ್ದ. ಒಂದು ಹಿಡಿ ಬಾಗಿದ್ದು, ಇನ್ನೊಂದು ನೆಟ್ಟಗೆ, ಅದರ ತುದಿ ಚಪ್ಪಟೆ. ನೋಡಲು ಒಂಥರಾ ಇತ್ತು. ಆದರೂ ಗೌರವ್ವ ಅದನ್ನು ಸೆರಗಿನಿಂದ ದೂರ ಇಟ್ಟವಳಲ್ಲ. ಚಪ್ಪಟೆ ತುದಿಯಿಂದ ಸುಣ್ಣದ ಡಬ್ಬಿಯ ಮುಚ್ಚಳ ಮೀಟುವಳು, ಎಲೆ ಮಡಿಚುವಳು, ಬಾಯಿಗೆ ಹಾಕಿಕೊಳ್ಳುವಳು.

ಮುರಿಗೆಪ್ಪ ತೀರಿಕೊಂಡು ಹನ್ನೊಂದು ವರ್ಷ. ಆ ಪೆಟ್ಟಿಗೆ ಅಟ್ಟ ಸೇರಿತು. ವರ್ಷಕ್ಕೊಮ್ಮೆ ಆಯುಧಪೂಜೆ ದಿನ ಕೆಳಗಿಳಿಯುತ್ತಿತ್ತು. ವಿಭೂತಿ, ಕುಂಕುಮ, ಹೂವು ಏರಿಸಿಕೊಂಡು ಮಾರನೇ ದಿನ ಮತ್ತೆ ಅಟ್ಟಕ್ಕೆ. ಯಾರೂ ಅದರೊಳಗಿನ ಒಂದು ಸ್ಪ್ಯಾನರನ್ನೂ ಕೈಯಲ್ಲಿ ಹಿಡಿದಿರಲಿಲ್ಲ.

ಈಗ ಆ ಮನೆಯ ದೇವರಕೋಣೆಗೆ ಬರೋಣ. ಸಾಗವಾನಿಯ ಎರಡು ಕದದ ಬಾಗಿಲು. ಒಳಗಡೆ ಕಬ್ಬಿಣದ ಪಟ್ಟಿಯ ಚಿಲಕ, ಒಂದೇ ತಿರುಪಿನ ಮೇಲೆ ನಿಂತಿತ್ತು. ಮೇಲೆತ್ತಿದರೆ ಬಾಗಿಲು ತೆರೆದುಕೊಳ್ಳುತ್ತೆ, ಇಳಿಸಿದರೆ ಇನ್ನೊಂದು ಕದದ ಕೊಂಡಿಯಲ್ಲಿ ಕೂರುತ್ತೆ. ಆ ತಿರುಪು ಸಡಿಲಾಗಿತ್ತು. ಬಾಗಿಲು ಜೋರಾಗಿ ಹಾಕಿದರೆ ಚಿಲಕ ತಾನೇ ಕೆಳಗೆ ಬೀಳುತ್ತಿತ್ತು.

ಕೊಟ್ರೇಶನ ಹೆಂಡತಿ ಶೈಲಾ ಮೂರು ತಿಂಗಳಿಂದ ಹೇಳುತ್ತಿದ್ದಳು. "ರೀ, ಆ ಚಿಲಕ ಬಿಗಿ ಮಾಡ್ರಿ. ಮನೇಲಿ ಮಗು ಓಡಾಡುತ್ತೆ."

"ಯಾರನ್ನಾದ್ರೂ ಕರೆಸ್ತೀನಿ ಬಿಡೆ" ಅನ್ನುವನು ಇವನು. ಐದು ನಿಮಿಷದ ಕೆಲಸಕ್ಕೆ ಮೂರು ತಿಂಗಳು 'ಯಾರನ್ನಾದ್ರೂ' ಕಾದರು. ಶೈಲಾ ಬೇಸತ್ತು ಚಿಲಕವನ್ನು ಮೇಲೆತ್ತಿ, ಒಂದು ದಾರದಲ್ಲಿ ಮೊಳೆಗೆ ಕಟ್ಟಿಟ್ಟಳು.

ಆಯುಧಪೂಜೆ ಬಂತು. ಕೊಟ್ರೇಶನಿಗೆ ಪೂಜೆ ಜೋರಾಗಿ ಆಗಬೇಕು, ಫೋಟೋ ಚೆನ್ನಾಗಿ ಬರಬೇಕು, ಫೋನಿನ ಸ್ಟೇಟಸ್ಸಿಗೆ ಹಾಕಬೇಕು. ಅಪ್ಪನ ಪೆಟ್ಟಿಗೆ ಇಳಿಸಿದ. ಈಳಿಗೆ ಮಣೆ, ಚಾಕು, ಕತ್ತರಿ, ಸುತ್ತಿಗೆ, ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ದೇವರಕೋಣೆಯಲ್ಲಿ ಮಣೆ ಹಾಕಿ, ಕೆಂಪು ರೇಷ್ಮೆ ಬಟ್ಟೆ ಹಾಸಿ ಜೋಡಿಸಿದ. ಮುಂದೆ ಎರಡು ದೀಪ ಹಚ್ಚಿದ. ಫೋಟೋ ತೆಗೆಯಲು ನಿಂತಾಗ ಚಿಲಕದ ದಾರ ಕಣ್ಣಿಗೆ ಬಿತ್ತು.

"ಹಬ್ಬದ ದಿನ ಇದೇನಿದು ಚಿಂದಿ?" ಅಂತ ಕಿತ್ತು ಎಸೆದ.

ಆಮೇಲೆ ಅವ್ವನ ಕಡೆ ತಿರುಗಿದ. "ಅವ್ವ, ಆ ಅಡಕೊತ್ತೂ ಕೊಡು, ಇಡೋಣ. ಅಥವಾ ಬೇಡ ಬಿಡು, ಆ ಕುಂಟು ಅಡಕೊತ್ತು ಫೋಟೋದಲ್ಲಿ ಚಂದ ಕಾಣಲ್ಲ. ಹೊಸದು ತಂದುಕೊಡ್ತೀನಿ ಅಂದ್ರೆ ಕೇಳಲ್ಲ ನೀನು."

"ನನಗೆ ಎಲೆ ಅಡಿಕೆ ಇಲ್ಲದೆ ಒಂದಿನ ಕಳೆಯಲ್ಲಪ್ಪ. ಇದು ನನ್ನ ಸಂಚಿಯಲ್ಲೇ ಇರಲಿ" ಅಂದಳು ಗೌರವ್ವ. ಮಂಡಕ್ಕಿ, ಬೆಲ್ಲದ ಪ್ರಸಾದ ತುಂಬಿಕೊಂಡು ಬೀದಿಯ ಮನೆಗಳಿಗೆ ಹಂಚಲು ಹೊರಟುಹೋದಳು.

ಮಗು ಇಂಚರಳಿಗೆ ಆಗ ಎರಡೂವರೆ ವರ್ಷ. ಉದ್ದ ಲಂಗ ಹಾಕಿಸಿಕೊಂಡು ಕುಣಿಯುತ್ತಿತ್ತು. ಅಪ್ಪ ಅಮ್ಮ ಹೊರಗೆ ಕಾರಿಗೆ ಹಾರ ಹಾಕುತ್ತಿದ್ದಾಗ ದೇವರಕೋಣೆಗೆ ಹೋಗಿ, ಕಣ್ಣಾಮುಚ್ಚಾಲೆ ಆಟದಲ್ಲಿ ಮಾಡುವ ಹಾಗೆ ಎರಡೂ ಕದ ದಬಾರನೆ ಹಾಕಿತು.

ಚಿಲಕ ಬಿತ್ತು.

ಮೊದಲು ಕೇಳಿಸಿದ್ದು ನಗು, ಆಮೇಲೆ "ಅಮ್ಮಾ, ಬಾಗ್ಲು", ಆಮೇಲೆ ಅಳು. ಶೈಲಾ ಓಡಿಬಂದು ಬಾಗಿಲು ತಳ್ಳಿದಳು. ಅಲ್ಲಾಡಲಿಲ್ಲ. ಹೊಸ್ತಿಲ ಮೇಲೆ ಒಂದು ಬೆರಳಿನಷ್ಟು ಸಂದಿ ಇತ್ತು. ಕೆನ್ನೆ ನೆಲಕ್ಕೆ ಒತ್ತಿ ಇಣುಕಿದಳು. ಪುಟ್ಟ ಪಾದಗಳು, ಲಂಗದ ಜರಿ, ಅದರಿಂದ ಎರಡು ಹೆಜ್ಜೆ ಆಚೆ ಉರಿಯುವ ದೀಪ.

"ರೀ! ಇಂಚು ಒಳಗೆ ಸಿಕ್ಕೊಂಡಿದಾಳೆ! ದೀಪ ಉರೀತಿದೆ ರೀ!"

ಕೊಟ್ರೇಶನ ಕೈಯಿಂದ ಹಾರ ಜಾರಿತು. ಒಳಗೆ ಓಡಿಬಂದ. ಬಾಗಿಲಿನ ಆ ತುದಿ ಈ ತುದಿ ಮುಟ್ಟಿದ, ಏನೂ ತೋಚಲಿಲ್ಲ. ಫೋನು ತೆಗೆದ. ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ, ಪಾಪ.

ಬಡಗಿ ಮೌನೇಶಾಚಾರಿ ಫೋನ್ ಎತ್ತಿದ. "ಇವತ್ತಾ ಸಾರ್? ಹತಾರ ಎಲ್ಲಾ ಪೂಜೆಗಿಟ್ಟೀವಿ, ನಾಳೆವರೆಗೆ ಮುಟ್ಟೋ ಹಂಗಿಲ್ಲ."

"ಮಗು ಒಳಗಿದೆ ಕಣಯ್ಯಾ!"

"ಅಯ್ಯೋ ಶಿವನೇ, ಪೂಜೆ ಅತ್ಲಾಗಿರಲಿ, ಬಂದೆ! ಆದರೆ ಹರಿಹರದಲ್ಲಿ ಬೀಗರ ಮನೇಲಿದೀನಿ. ಮುಕ್ಕಾಲು ಗಂಟೆ ಬೇಕು ಸಾರ್."

ಮುಕ್ಕಾಲು ಗಂಟೆ! ದೀಪದ ಮುಂದೆ ಲಂಗ ಬೀಸಿಕೊಂಡು ಓಡಾಡುವ ಮಗುವಿಗೆ ಒಂದು ನಿಮಿಷವೂ ಹೆಚ್ಚೇ.

ಗಲಾಟೆ ಕೇಳಿ ಎದುರುಮನೆಯ ಪರಮೇಶಿ ಬಂದ. "ಒಂದು ಸ್ಕ್ರೂಡ್ರೈವರ್ ಇದ್ರೆ ಕೊಡೋ" ಅಂತ ಕೊಟ್ರೇಶ ಅಂಗಲಾಚಿದ. ಪರಮೇಶಿ ತನ್ನ ಮನೆ ಹುಡುಕಿದ, ಪಕ್ಕದ ಮನೆ ಕೇಳಿದ, ಅದರ ಪಕ್ಕದ್ದೂ ಕೇಳಿದ. ಎಲ್ಲರೂ ಕಾರಿಗೆ, ಬೈಕಿಗೆ, ಟಿವಿಗೆ ಕುಂಕುಮ ಇಟ್ಟಿದ್ದರು. ಸ್ಕ್ರೂಡ್ರೈವರ್ ಒಬ್ಬರ ಮನೆಯಲ್ಲೂ ಇರಲಿಲ್ಲ. ಇಡೀ ಬೀದಿಯಲ್ಲಿ ಇದ್ದ ಒಂದೇ ಒಂದು, ಹನ್ನೊಂದು ವರ್ಷದ ಕುಂಕುಮ ಬಳಿದುಕೊಂಡು ಆ ಬಾಗಿಲಿನ ಆಚೆ ಕೂತಿತ್ತು.

ಇತ್ತ ಶೈಲಾ ನೆಲ ಬಿಟ್ಟು ಏಳಲಿಲ್ಲ. ಹತ್ತಿರವೇ ಪ್ರಸಾದದ ಮಂಡಕ್ಕಿ ಇತ್ತು. ಒಂದೊಂದೇ ಕಾಳನ್ನು ಸಂದಿಯೊಳಗೆ ತಳ್ಳತೊಡಗಿದಳು. "ಇಂಚು, ಇಲ್ಲಿ ನೋಡು ಚಿನ್ನ, ಮಂಡಕ್ಕಿ ಬಂತು. ಇಲ್ಲೇ ಕೂತ್ಕೊ. ಎಡಗಡೆ ಕೂತ್ಕೊ, ಅಮ್ಮನ ಬೆರಳು ಹಿಡ್ಕೊ." ಮಗು ಬಿಕ್ಕುತ್ತಾ ಬಂದು ಎಡಗಡೆಯ ಕದಕ್ಕೆ ಆತುಕೊಂಡು ಕೂತಿತು. ಒಂದೊಂದೇ ಕಾಳು ಹೆಕ್ಕಿ ತಿನ್ನತೊಡಗಿತು. ಕಾಳು ಬರುವವರೆಗೆ ಮಗು ಅಲ್ಲಿರುತ್ತೆ. ಬಟ್ಟಲಲ್ಲಿ ಇನ್ನೆರಡು ಹಿಡಿ ಉಳಿದಿತ್ತು.

"ಒಡೆದುಬಿಡೋಣ ಕೊಟ್ರೇಶಣ್ಣ" ಅಂದ ಪರಮೇಶಿ. ಗಟ್ಟಿ ಆಳು. ನಾಲ್ಕು ಹೆಜ್ಜೆ ಹಿಂದೆ ಸರಿದು ಭುಜ ಕೊಟ್ಟು ನಿಂತ.

"ಯಾರದು! ಬಾಗಿಲಿಗೆ ಮೈ ಕೊಟ್ಟರೆ ನೋಡಿ ಮತ್ತೆ!"

ಗೌರವ್ವ ಬಂದಿದ್ದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು. "ಕೂಸು ಕದಕ್ಕೆ ಆತುಕೊಂಡು ಕೂತೈತೆ. ನೀವು ಗುದ್ದಿದರೆ ಕದ ಹೋಗಿ ಅದರ ತಲೆಗೆ ಬೀಳುತ್ತೆ, ಅದು ಹೋಗಿ ದೀಪದ ಮೇಲೆ ಬೀಳುತ್ತೆ. ಸರೀರಿ ಅತ್ತ."

"ಮತ್ತೇನು ಮಾಡಲವ್ವಾ?" ಕೊಟ್ರೇಶ ಅಳುವುದೊಂದು ಬಾಕಿ.

ಗೌರವ್ವ ಎರಡು ಕದಗಳ ನಡುವೆ ಮೇಲಿಂದ ಕೆಳಗೆ ಇಳಿದಿದ್ದ ಮರದ ಪಟ್ಟಿಯ ಮೇಲೆ ಕೈಯಾಡಿಸಿದಳು. "ಸಂದಿ ಮುಚ್ಚಲಿ ಅಂತ ಇದನ್ನ ನಿಮ್ಮಪ್ಪ ಹಾಕಿದ್ದು. ಮೊಳೆ ಹೊಡೀರಿ, ಬೇಗ ಮುಗಿಯುತ್ತೆ ಅಂದೆ. ಬೇಡ, ಮುಂದೊಂದಿನ ಯಾರಾದರೂ ಬಿಚ್ಚಬೇಕಾಗಬಹುದು ಅಂತ ತಿರುಪು ಹಾಕಿದ್ರು. ಐದು ತಿರುಪು. ಬಿಚ್ಚು. ಸಂದಿ ಸಿಗುತ್ತೆ, ಚಿಲಕ ಮೇಲೆತ್ತು."

ತಿರುಪು ಎಲ್ಲಿ? ಮೇಲೆ ಬಣ್ಣ ಹಚ್ಚಿಸಿ ಮುಚ್ಚಿಬಿಟ್ಟಿದ್ದ ಇವನೇ. ಉಗುರಿನಿಂದ ಕೆರೆದ. ಒಂದು ಕಂಡಿತು. ಚಮಚ ತಂದು ತಿರುಗಿಸಿದ, ಚಮಚ ಬಗ್ಗಿತು. ಪರಮೇಶಿ ತನ್ನ ಮನೆಯಿಂದ ತರಕಾರಿ ಚಾಕು ತಂದ, ಅದರ ತುದಿ ಟಕ್ಕನೆ ಮುರಿಯಿತು.

"ಅತ್ತೇ, ಮಂಡಕ್ಕಿ ಒಂದೇ ಹಿಡಿ ಇದೆ" ಅಂದಳು ಶೈಲಾ ನೆಲದಿಂದಲೇ.

ಗೌರವ್ವ ಸಂಚಿಗೆ ಕೈ ಹಾಕಿ ಅಡಕೊತ್ತು ತೆಗೆದಳು. ನೆಟ್ಟಗಿನ ಹಿಡಿಯ ಚಪ್ಪಟೆ ತುದಿಯನ್ನು ಮಗನ ಮುಂದೆ ಹಿಡಿದಳು. "ತಗೋ. ಇದು ಗಿರಣಿಯಲ್ಲಿ ನಿಮ್ಮಪ್ಪ ಇಪ್ಪತ್ತು ವರ್ಷ ಹಿಡಿದ ಸ್ಕ್ರೂಡ್ರೈವರ್ ಕಣೋ. ಅದರ ಹಿಡಿ ಹೋಗಿತ್ತು, ಇದರ ಹಿಡಿಯೂ ಹೋಗಿತ್ತು. ಎರಡನ್ನೂ ಸೇರಿಸಿದ್ರು."

ಕೊಟ್ರೇಶ ತುದಿಯನ್ನು ತಿರುಪಿನ ಗೀರಿಗೆ ಕೂರಿಸಿದ. ಹೇಳಿ ಮಾಡಿಸಿದ ಹಾಗೆ ಕೂತಿತು. ಶಕ್ತಿಯೆಲ್ಲ ಹಾಕಿ ತಿರುಗಿಸಿದ. ಕದಲಲಿಲ್ಲ, ಇನ್ನಷ್ಟು ಬಿಗಿಯಾಯಿತು.

"ಎಡಕ್ಕೋ ಮಾರಾಯ, ಎಡಕ್ಕೆ!" ಅಂದಳು ಅವ್ವ. ಅಂಗಡಿ ತುಂಬ ಯಂತ್ರ ಮಾರುವವನಿಗೆ ತಿರುಪು ಯಾವ ಕಡೆ ಬಿಚ್ಚುತ್ತೆ ಅನ್ನುವುದು ಗೊತ್ತಿರಲಿಲ್ಲ ನೋಡಿ!

ಎಡಕ್ಕೆ ತಿರುಗಿಸಿದ. ಕಿರ್ ಅಂತ ಬಣ್ಣ ಒಡೆಯಿತು. ಒಂದು ಬಂತು. ಎರಡು ಬಂತು. ಅಂಗೈ ಬೆವರಿ ಜಾರತೊಡಗಿತು. ಅವ್ವ ಸೆರಗಿನಿಂದ ಅವನ ಕೈ ಒರೆಸಿದಳು. ಚಿಕ್ಕವನಿದ್ದಾಗ ಇದೇ ಪಡಸಾಲೆಯಲ್ಲಿ ಅಪ್ಪ "ಒತ್ತಿ ಹಿಡಿ, ಆಮೇಲೆ ತಿರುಗಿಸು" ಅಂತ ಹೇಳಿಕೊಡುತ್ತಿದ್ದದ್ದು, ತಾನು ಆಟಕ್ಕೆ ತಪ್ಪಿಸಿಕೊಂಡು ಓಡುತ್ತಿದ್ದದ್ದು ನೆನಪಾಯಿತು. ಒತ್ತಿ ಹಿಡಿದ, ತಿರುಗಿಸಿದ. ಮೂರು ಬಂತು.

ಆಗಲೇ ಸುಟ್ಟ ವಾಸನೆ ಬಂದದ್ದು.

ಶೈಲಾ ಚೀರಿದಳು. "ಬಟ್ಟೆ! ಮಣೆ ಮೇಲಿನ ಬಟ್ಟೆಗೆ ಹತ್ತಿಕೊಳ್ತು ರೀ! ಇಂಚು, ಅತ್ತ ನೋಡ್ಬೇಡ ಕಂದಾ, ಅಮ್ಮನ ಬೆರಳು ಬಿಡಬೇಡ!"

ಮಂಡಕ್ಕಿ ಮುಗಿದಿತ್ತು. ಖಾಲಿ ಬೆರಳನ್ನೇ ಸಂದಿಯೊಳಗೆ ತೂರಿಸಿ ಆಡಿಸುತ್ತಿದ್ದಳು ಆ ತಾಯಿ. ಒಳಗಿಂದ ಪುಟ್ಟ ಕೈ ಅದನ್ನು ಹಿಡಿದಿತ್ತು. ನಾಲ್ಕನೆಯದು ಬಂತು. ಐದನೆಯದು ಬಗ್ಗಲಿಲ್ಲ, ತುಕ್ಕು ಹಿಡಿದಿತ್ತು. ಕೊಟ್ರೇಶ ಪಟ್ಟಿಯ ಬಿಚ್ಚಿದ ತುದಿಗೆ ಬೆರಳು ಹಾಕಿ ಎಳೆದ. ಪಟ್ಟಿ ಐದನೇ ತಿರುಪಿನ ಮೇಲೆ ಓರೆಯಾಗಿ ತಿರುಗಿತು. ಸಂದಿ ಕಂಡಿತು. ಅದರೊಳಗೆ ಹೊಗೆಯ ಎಳೆಯೂ ಕಂಡಿತು.

ಅಡಕೊತ್ತಿನ ಕಂಬಿಯನ್ನು ಸಂದಿಯಲ್ಲಿ ತೂರಿಸಿ ಮೇಲಕ್ಕೆ ಮೀಟಿದ. ಒಮ್ಮೆ ತಪ್ಪಿತು. ಎರಡನೇ ಸಲ ಚಿಲಕ ಟಣ್ ಎಂದು ಎದ್ದಿತು.

ಬಲಗಡೆಯ ಕದವನ್ನು ಮೆಲ್ಲಗೆ ತಳ್ಳಿ, ಮಗುವನ್ನು ಬಾಚಿ ಎತ್ತಿ ಶೈಲಾಳ ಮಡಿಲಿಗೆ ಹಾಕಿದ. ಪರಮೇಶಿ ಒಂದು ಬಿಂದಿಗೆ ನೀರು ಸುರಿದ. ರೇಷ್ಮೆ ಬಟ್ಟೆ ಅರ್ಧ ಕರಕಲಾಗಿತ್ತು. ಬಟ್ಟೆ ಹೋದರೆ ಹೋಯಿತು, ಮಗುವಿನ ಲಂಗದ ಜರಿಗೂ ಬಿಸಿ ತಾಗಿರಲಿಲ್ಲ. ತಾಯಿಯ ಕುತ್ತಿಗೆ ಬಿಗಿಯಾಗಿ ಹಿಡಿದು ಅದು ಕೇಳಿತು, "ಮಂಡಕ್ಕಿ ಎಲ್ಲಿ?" ಶೈಲಾ ಅಳುತ್ತಲೇ ನಕ್ಕಳು. ಪರಮೇಶಿ ಮೌನೇಶಾಚಾರಿಗೆ ಫೋನ್ ಮಾಡಿ ಗಾಬರಿಯಿಲ್ಲ ಅಂತ ತಿಳಿಸಿದ.

ಕೊಟ್ರೇಶ ಮಾತ್ರ ನಗಲಿಲ್ಲ. ಒದ್ದೆ ನೆಲದಲ್ಲಿ ಕೂತು ಅಪ್ಪನ ಪೆಟ್ಟಿಗೆಯ ಮುಚ್ಚಳ ತೆಗೆದ. ಇಕ್ಕಳ ತುಕ್ಕು ಹಿಡಿದು ಬಾಯಿ ಬಿಡದಾಗಿತ್ತು. ಸ್ಕ್ರೂಡ್ರೈವರಿನ ತುದಿ ಕುಂಕುಮ ಕಟ್ಟಿಕೊಂಡು ಕಾಣುತ್ತಲೇ ಇರಲಿಲ್ಲ. ಅಂಗಿಯ ತುದಿಯಿಂದ ಒರೆಸಿದ. ಒಳಗಿನ ಉಕ್ಕು ಹೊರಬರುವವರೆಗೆ ಒರೆಸಿದ.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರದು ಅಂತಾರಪ್ಪ" ಅಂದಳು ಗೌರವ್ವ, ಮೆಲ್ಲಗೆ.

"ಹನ್ನೊಂದು ವರ್ಷ ಮುಟ್ಟದೇ ಇದ್ದದ್ದಕ್ಕೇ ಅವ್ವ, ಇವತ್ತು ನನ್ನ ಕೂಸು ಸುಟ್ಟುಹೋಗ್ತಿತ್ತು."

ಗೌರವ್ವ ಅವನ ಪಕ್ಕ ಕೂತಳು, ಹಿಂದೆ ಗಂಡನ ಪಕ್ಕ ಕೂರುತ್ತಿದ್ದ ಹಾಗೆ. ಕೊಟ್ರೇಶ ಚಿಲಕದ ತಿರುಪಿಗೆ ಸ್ಕ್ರೂಡ್ರೈವರ್ ಕೂರಿಸಿ ಬಲಕ್ಕೆ ತಿರುಗಿಸಿದ. ನಾಲ್ಕೇ ಸುತ್ತು. ಚಿಲಕ ಎತ್ತಿಟ್ಟಲ್ಲೇ ನಿಂತಿತು. ಬಾಗಿಲನ್ನು ಮೂರು ಸಲ ದಬದಬ ಹಾಕಿ ನೋಡಿದ. ಬೀಳಲಿಲ್ಲ. ಅರ್ಧ ನಿಮಿಷವೂ ಆಗಿರಲಿಲ್ಲ. ಆಗ ಅವನು ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ.

ಆ ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಗಲಿಲ್ಲ.

ನೀತಿ: ಹತಾರಕ್ಕೆ ನಿಜವಾದ ಪೂಜೆಯೆಂದರೆ ಅದನ್ನು ಬಳಸುವುದು. ಮನೆಯಲ್ಲಿ ಸಡಿಲಾದ ಒಂದು ತಿರುಪನ್ನು ನಮ್ಮ ಕೈಯಿಂದಲೇ ಇವತ್ತೇ ಬಿಗಿ ಮಾಡಬೇಕು. ಯಾರೋ ಬಂದು ಮಾಡಲಿ ಎಂದು ಕಾಯುತ್ತಾ ಕೂತರೆ, ಬೇಕಾದ ಗಳಿಗೆಯಲ್ಲಿ ಯಾರೂ ಬರುವುದಿಲ್ಲ, ನಮ್ಮ ಕೈಗೂ ಕೆಲಸ ಗೊತ್ತಿರುವುದಿಲ್ಲ.