ಚಪ್ಪಾಳೆಯಡಿಯ ಚರಣ

“ಗುರುಗಳೇ, ಒಮ್ಮೆಯೂ ಕಿವಿಗಿಟ್ಟು ನೋಡದೆ ಹೆಡ್‌ಫೋನ್ ಕೊಳ್ಳುವುದು ಸರಿಯೇ?” ಎಂದು ಶಿಷ್ಯ ಕೇಳಿದ. “ಸಂಗೀತಕ್ಕೆಂದೇ ಮಾಡಿದ ಒಳ್ಳೆಯವು ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ದೂರದಿಂದ ತರಿಸಬೇಕು. ಬಳಸಿದವರು ಬರೆದದ್ದನ್ನೆಲ್ಲ ಓದಿದೆ. ಒಬ್ಬ ಅಮೃತ ಅನ್ನುತ್ತಾನೆ, ಅದನ್ನೇ ಇನ್ನೊಬ್ಬ ತಗಡಿನ ಸದ್ದು ಅನ್ನುತ್ತಾನೆ. ಯಾರನ್ನು ನಂಬಲಿ?”

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು.

ಗದಗದ ಕಡೆ ಒಬ್ಬ ಪೇಟಿ ಮಾಸ್ತರನಿದ್ದ. ನಾಟಕ ಕಂಪನಿಯೊಂದರಲ್ಲಿ ಬಹಳ ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವನು. ಕಂಪನಿ ಮುಚ್ಚಿದ ಮೇಲೆ ಹಾರ್ಮೋನಿಯಂ ರಿಪೇರಿಗೆ ಕೂತ. ಸ್ವರ ಕೂದಲೆಳೆಯಷ್ಟು ಇಳಿದಿದ್ದರೂ ಅವನ ಕಿವಿಗೆ ಗೊತ್ತಾಗುತ್ತಿತ್ತು. ತಾನು ನುಡಿಸಿ ನೋಡದ ಪೇಟಿಯನ್ನು ಅವನು ಎಂದೂ ಕೊಂಡವನಲ್ಲ, ಮಾರಿದವನೂ ಅಲ್ಲ.

ಆ ಕಂಪನಿಯ ನಾಟಕವೊಂದರಲ್ಲಿ ರಾಣಿಯ ಹಾಡಿತ್ತು. ರಾಜ್ಯ ಬಿಟ್ಟು ಹೊರಡುವ ರಾಣಿ ಅರಮನೆಯ ಬಾಗಿಲಲ್ಲಿ ನಿಂತು ಹಾಡುವುದು. ಅಂಬುಜಾಬಾಯಿ ಎಂಬ ನಟಿ ಅದನ್ನು ಹಾಡುತ್ತಿದ್ದಳು. ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಜನ ತಡೆಯಲಾರದೆ ಚಪ್ಪಾಳೆ ಹೊಡೆಯುತ್ತಿದ್ದರು, ಸಿಳ್ಳೆ ಹಾಕುತ್ತಿದ್ದರು.

ನಲವತ್ತು ವರ್ಷದ ಮೇಲೆ ಊರಿನವರು ಆ ನಾಟಕವನ್ನು ಮತ್ತೆ ಆಡಲು ಹೊರಟರು. ಮೂರನೆಯ ಚರಣ ಯಾರ ಬಳಿಯೂ ಸಿಗಲಿಲ್ಲ. ಬರೆದ ಕವಿ ತೀರಿಕೊಂಡಿದ್ದ. ಹಸ್ತಪ್ರತಿಯನ್ನು ಗೆದ್ದಲು ತಿಂದಿತ್ತು. ಅಂಬುಜಾಬಾಯಿಗೆ ಎಂಬತ್ತು ದಾಟಿತ್ತು. ಎರಡು ಚರಣ ಹೇಳಿ, ಮುಂದಿನದು ನೆನಪಾಗದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಪೇಟಿ ಮಾಸ್ತರನ ಬೆರಳಿಗೆ ಸ್ವರ ನೆನಪಿತ್ತು, ಮಾತು ನೆನಪಿರಲಿಲ್ಲ. ಉಳಿದದ್ದು ಒಂದೇ ಒಂದು ಕ್ಯಾಸೆಟ್. ಆ ಕಾಲದಲ್ಲಿ ಪ್ರೇಕ್ಷಕನೊಬ್ಬ ಜನರ ನಡುವೆ ಕೂತು ರೆಕಾರ್ಡ್ ಮಾಡಿಕೊಂಡದ್ದು. ಅದರಲ್ಲೂ ಮೂರನೆಯ ಚರಣ ಬರುವಲ್ಲಿ ಬರೀ ಚಪ್ಪಾಳೆ.

ಊರಿನ ವಿದ್ವಾಂಸನೊಬ್ಬ ತಾನೇ ಒಂದು ಚರಣ ಬರೆದು ತಂದು, ಇದೇ ಹಳೆಯದು ಎಂದ. ನಾಟಕದ ಸಮಿತಿಯವರು ಒಪ್ಪಿದರು. ಅಂಬುಜಾಬಾಯಿ ಮಾತ್ರ ಇದಲ್ಲ ಎಂದಳು. ಹಾಗಾದರೆ ಯಾವುದು ಎಂದು ಕೇಳಿದರು. ತನ್ನ ಹಾಡಿಗೆ ತಾನೇ ಸಾಕ್ಷಿಯಾಗಲಾರದೆ ಅವಳು ತಲೆ ತಗ್ಗಿಸಿದ್ದನ್ನು ಪೇಟಿ ಮಾಸ್ತರ ನೋಡಿದ. ಅವನಿಂದ ಅಲ್ಲಿ ಕೂರಲಾಗಲಿಲ್ಲ.

ಅವನು ಕ್ಯಾಸೆಟ್ ಹಿಡಿದು ಫೋಟೊ ಸ್ಟುಡಿಯೋದ ದಾವಲಸಾಬನ ಬಳಿ ಹೋದ. ದಾವಲಸಾಬ ಅದನ್ನು ಕಂಪ್ಯೂಟರಿಗೆ ಹಾಕಿಕೊಟ್ಟ. ಪೇಟೆಯಲ್ಲಿ ಸಿಗುವ ಹೆಡ್‌ಫೋನುಗಳನ್ನೆಲ್ಲ ಮಾಸ್ತರ ಕಿವಿಗಿಟ್ಟು ನೋಡಿದ. ಎಲ್ಲದರಲ್ಲೂ ತಬಲಾ ಧಬಧಬ ಎನ್ನುತ್ತಿತ್ತು, ಮಿಕ್ಕದ್ದು ಕಲಸಿದ ಹಿಟ್ಟಿನಂತಿತ್ತು. ಒಳ್ಳೆಯವು ಮುಂಬೈಯಿಂದ ಬರಬೇಕು, ಮುಂಚೆ ಕೇಳಿ ನೋಡಲು ಆಗುವುದಿಲ್ಲ, ಡಬ್ಬಿ ಒಡೆದ ಮೇಲೆ ವಾಪಸ್ಸು ತೆಗೆದುಕೊಳ್ಳುವುದಿಲ್ಲ ಎಂದು ದಾವಲಸಾಬ ಹೇಳಿದ. ಮಾಸ್ತರನಿಗೆ ಇದು ಕಣ್ಣು ಕಟ್ಟಿಕೊಂಡು ಎತ್ತು ಕೊಂಡಂತೆ ಕಂಡಿತು. ಆದರೆ ಬೇರೆ ದಾರಿ ಇರಲಿಲ್ಲ. ಒಂದೊಂದರ ಬಗ್ಗೆಯೂ ಜನ ಏನು ಬರೆದಿದ್ದಾರೆ ಓದು ಎಂದು ದಾವಲಸಾಬನಿಗೆ ಹೇಳಿದ.

ಒಂದು ಬೆಣ್ಣೆಯಂತಿದೆಯಂತೆ. ಒಂದು ಎದೆ ನಡುಗಿಸುತ್ತದಂತೆ. ಇನ್ನೊಂದನ್ನು ಹಾಕಿಕೊಂಡವನು ಮೋಡದ ಮೇಲೆ ತೇಲಿದನಂತೆ. ಮಾಸ್ತರ ಎರಡು ದಿನ ಕೂತು ಕೇಳಿದ. ಮೂರನೆಯ ದಿನ ಯಾರೋ ಬೈದು ಬರೆದದ್ದು ಬಂತು. ‘ಇದನ್ನು ಯಾರೂ ಕೊಳ್ಳಬೇಡಿ. ಹಾಡಿನ ಸುಖವೇ ಇಲ್ಲ. ಹಾಡುವವಳು ಉಸಿರೆಳೆದದ್ದು, ಕುರ್ಚಿ ಕಿರುಗುಟ್ಟಿದ್ದು, ಹಿಂದೆ ಯಾರೋ ಕೆಮ್ಮಿದ್ದು, ಎಲ್ಲ ಬೇರೆಬೇರೆಯಾಗಿ ಕೇಳಿಸಿ ತಲೆ ಚಿಟ್ಟುಹಿಡಿಯಿತು.’

ಮಾಸ್ತರ ಎದ್ದು ನಿಂತ. “ಇದನ್ನ ತರಸು.”

“ಏನ್ರಿ ಮಾಸ್ತರ, ಇಷ್ಟು ಮಂದಿ ಹೊಗಳಿದ್ದು ಬಿಟ್ಟು ಬೈಸಿಕೊಂಡದ್ದನ್ನ ತಗೋತೀರೇನು?”

“ಹೊಗಳಿದವರೆಲ್ಲ ತಮಗ ಹೆಂಗ ಅನಿಸ್ತು ಅಂತ ಹೇಳ್ಯಾರ, ದಾವಲಸಾಬ. ಇವನೊಬ್ಬ ಏನು ಕೇಳಿಸ್ತು ಅಂತ ಹೇಳ್ಯಾನ. ನನಗ ಕೆಮ್ಮು ಒಂದು ಕಡೆ, ಹಾಡು ಒಂದು ಕಡೆ ಆಗಬೇಕಾಗೈತಿ.”

ಮಾಸ್ತರನ ಬಳಿ ಎರಡು ಪೇಟಿಗಳಿದ್ದವು. ಒಂದನ್ನು ಮಾರಿ ಹೆಡ್‌ಫೋನ್ ತರಿಸಿದ. ಊರಿನಲ್ಲಿ ನಕ್ಕವರೇ ಹೆಚ್ಚು.

ಡಬ್ಬಿ ಬಂತು. ಮಾಸ್ತರ ಹೆಡ್‌ಫೋನನ್ನು ಕಿವಿಗಿಟ್ಟು ಕಣ್ಣು ಮುಚ್ಚಿದ. ಗೋಡೆಯಂತೆ ನಿಂತಿದ್ದ ಚಪ್ಪಾಳೆ ಬಿಡಿ ಬಿಡಿ ಕೈಗಳಾಯಿತು. ಸಿಳ್ಳೆ ಪಕ್ಕಕ್ಕೆ ಸರಿಯಿತು. ಕೆಳಗೆ, ಬಲು ಕೆಳಗೆ, ಒಂದು ಹಾರ್ಮೋನಿಯಂ ಕೇಳಿಸಿತು. ಅದು ಅವನದೇ. ನಲವತ್ತು ವರ್ಷದ ಹಿಂದಿನ ತನ್ನ ಬೆರಳುಗಳನ್ನು ಅವನು ಗುರುತು ಹಿಡಿದ. ಅದನ್ನೇ ಹಿಡಿದು ನಡೆದ. ಅದರ ಪಕ್ಕದಲ್ಲಿ ಅಂಬುಜಾಬಾಯಿಯ ದನಿ ನಡೆದಿತ್ತು.

ಮೊದಲ ದಿನ ಒಂದು ಪದ ಸಿಕ್ಕಿತು. ಮರುದಿನ ಅರ್ಧ ಸಾಲು. ಎಂಟನೆಯ ದಿನ ಹಾಳೆಯ ಮೇಲೆ ನಾಲ್ಕು ಸಾಲುಗಳಿದ್ದವು. ಆಗ ಅವನಿಗೆ ಭಯವಾಯಿತು. ಇದು ನಿಜವಾಗಿ ಕೇಳಿಸಿದ್ದೋ, ಆಸೆಯಿಂದ ನಾನೇ ಕಟ್ಟಿದ್ದೋ? ಅವನು ಯಾರಿಗೂ ಹೇಳದೆ ಹಾಳೆಯನ್ನು ಜೇಬಿಗಿಟ್ಟುಕೊಂಡ.

ಭಾನುವಾರ ಬೆಳಿಗ್ಗೆ ತಾಲೀಮು. ಸಮಿತಿಯವರಿದ್ದರು, ವಿದ್ವಾಂಸನಿದ್ದ. ಅಂಬುಜಾಬಾಯಿ ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದಳು. ರಾಣಿಯ ಪಾತ್ರದ ಹುಡುಗಿ ಎರಡು ಚರಣ ಹಾಡಿದಳು. ಮಾಸ್ತರ ಅವಳ ಕಿವಿಯಲ್ಲಿ ಒಂದೇ ಸಾಲು ಹೇಳಿಕೊಟ್ಟು ಪೇಟಿಯ ತಿದಿ ಒತ್ತಿದ. ಅವಳು ಹಾಡಿದಳು.

‘ಹೋಗುವೆನೆನ್ನಲು ನಾಲಿಗೆ ಏಳದು...’

ಮುಂದೆ ಅವಳಿಗೆ ಗೊತ್ತಿರಲಿಲ್ಲ. ನಿಲ್ಲಿಸಿದಳು. ಮಾಸ್ತರ ನಿಲ್ಲಿಸಲಿಲ್ಲ, ನುಡಿಸುತ್ತಲೇ ಇದ್ದ. ಎದುರಿನ ಕುರ್ಚಿಯಿಂದ ಕೋಲು ನೆಲಕ್ಕೆ ಬಿತ್ತು. ಅಂಬುಜಾಬಾಯಿ ಎದ್ದು ನಿಂತಿದ್ದಳು.

‘ನಿಲ್ಲುವೆನೆಂದರೆ ಕಾಲ್ಗಳು ಕೇಳವು...’

ದನಿ ಒಡೆದಿತ್ತು, ಶ್ರುತಿ ಒಡೆದಿರಲಿಲ್ಲ. ಮೂರನೆಯ ಸಾಲು ತಾನಾಗಿ ಬಂತು. ನಾಲ್ಕನೆಯದೂ ಬಂತು. ಮಾಸ್ತರ ಒಂದು ಕೈಯಲ್ಲಿ ನುಡಿಸುತ್ತಲೇ, ತಿದಿಯ ಕೈಯನ್ನು ಒಂದು ಗಳಿಗೆ ಬಿಟ್ಟು, ಜೇಬಿನ ಹಾಳೆ ತೆಗೆದು ವಿದ್ವಾಂಸನಿಗೆ ಕೊಟ್ಟ. ಅಂಬುಜಾಬಾಯಿ ಮತ್ತೊಮ್ಮೆ ಹಾಡಿದಳು. ವಿದ್ವಾಂಸ ಸಾಲು ಸಾಲಿಗೆ ಬೆರಳಿಟ್ಟು ನೋಡಿದ. ಒಂದಕ್ಷರ ಆಚೆಈಚೆ ಇರಲಿಲ್ಲ. ಅವನು ತನ್ನ ಚರಣವನ್ನು ಹರಿದು ಹಾಕಿ, ಎಲ್ಲರೆದುರು ಆ ಮುದುಕಿಯ ಕಾಲು ಮುಟ್ಟಿದ. ಕೂತವರೆಲ್ಲ ಎದ್ದು ನಿಂತರು.

“ಮಾಸ್ತರ, ಮೊದಲಿಂದ ನುಡಸ್ರಿ” ಎಂದಳು ಅಂಬುಜಾಬಾಯಿ. “ಇವತ್ತು ಪೂರಾ ಹಾಡತೀನಿ.”

ಪೂರಾ ಹಾಡಿದಳು. ಮಾಸ್ತರನ ಕಣ್ಣಿಂದ ನೀರು ಹರಿಯುತ್ತಿತ್ತು, ಬೆರಳು ಮಾತ್ರ ಒಂದು ಸ್ವರವನ್ನೂ ತಪ್ಪಿಸಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಹಿಗ್ಗಿನಿಂದ ಮುಂದೆ ಸರಿದು ಕೂತ.

“ಗುರುಗಳೇ, ಆ ಹೆಡ್‌ಫೋನಿನ ಹೆಸರೇನು? ನಾನೂ ಅದನ್ನೇ ತರಿಸುತ್ತೇನೆ.”

“ನೀನು ಕೇಳಬೇಕೆಂದಿರುವ ಹಾಡಿನ ಹೆಸರು ಹೇಳು” ಎಂದರು ಗುರುಗಳು.

ಯಾವ ಹಾಡೆಂದು ತಾನಿನ್ನೂ ಯೋಚಿಸಿಯೇ ಇಲ್ಲವೆಂದು ಶಿಷ್ಯನಿಗೆ ಹೊಳೆಯಿತು; ಎದ್ದು ಹೋಗಿ ಗೋಡೆಗೆ ಒರಗಿದ್ದ ತಂಬೂರಿಯನ್ನು ತಂದು ಗುರುಗಳ ಮುಂದಿಟ್ಟ.