ಉಪ್ಪಿನ ವ್ಯಾಪಾರಿ ಕಟ್ಟಿದ ದೋಣಿ

ಮಲ್ಲಾಂಬೆ ಎಂಬ ಶಿಷ್ಯೆ ಗುರುಗಳನ್ನು ಕೇಳಿದಳು: “ಗುರುಗಳೇ, ನನ್ನ ಮಗನಿಗೆ ಮನೆಯಲ್ಲಿ ನಾನೇ ಪಾಠ ಹೇಳುತ್ತೇನೆ. ವರ್ಷದ ಮೊದಲಲ್ಲಿ ಕರೆಯುವ ಮುನ್ನವೇ ಬಂದು ಕೂರುತ್ತಿದ್ದ. ಈಗ ಕರೆದರೂ ಬರುವುದಿಲ್ಲ. ಅವನ ಹುರುಪನ್ನು ವರ್ಷದ ಕೊನೆಯವರೆಗೆ ಉಳಿಸುವುದು ಹೇಗೆ?”

ಗುರುಗಳು ಹೇಳತೊಡಗಿದರು.

ಹೊಳೆಯ ನಡುಗಡ್ಡೆಯೊಂದರಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅವನಿಗೆ ಪದ್ಮಲೆ ಎಂಬ ಒಬ್ಬಳೇ ಮಗಳು, ತಾಯಿಯಿಲ್ಲದ ಮಗು. ಅಲ್ಲಿ ಶಾಲೆ ಇರಲಿಲ್ಲ. ವ್ಯಾಪಾರಿ ಚೆನ್ನಾಗಿ ಓದಿದವನು. ಅಕ್ಷರ, ಲೆಕ್ಕ, ನಕ್ಷತ್ರಗಳ ಹೆಸರು ಎಲ್ಲವನ್ನೂ ತಾನೇ ಕಲಿಸಿದ. ಕೆಲವು ತಿಂಗಳು ಮಗು ಕಣ್ಣರಳಿಸಿ ಕೇಳಿತು. ಮಳೆಗಾಲ ಮುಗಿಯುವ ಹೊತ್ತಿಗೆ ಆಕಳಿಸತೊಡಗಿತು. ಅವನು ಬೆಲ್ಲ ಕೊಟ್ಟ, ಗೆಜ್ಜೆ ತಂದುಕೊಟ್ಟ, ಆಮೇಲೆ ಗದರಿದ. ಗದರಿದ ದಿನ ಅವಳು ಊಟ ಮಾಡದೆ ಮಲಗಿದಳು. ಕೊನೆಗೆ ಅವಳನ್ನು ದೂರದ ಪಟ್ಟಣದ ಶಾಲೆಯಲ್ಲಿ ಬಿಟ್ಟುಬರುವುದೆಂದು ನಿಶ್ಚಯಿಸಿದ. ಹಾಗೆ ನಿಶ್ಚಯಿಸಿದ ಮೇಲೆ ಅವನಿಗೂ ಊಟ ಸೇರಲಿಲ್ಲ.

ಆದರೆ ಹೊಳೆ ದಾಟಲು ದೋಣಿ ಇರಲಿಲ್ಲ. ಇದ್ದ ಒಂದೇ ದೋಣಿ ಪ್ರವಾಹದಲ್ಲಿ ಒಡೆದುಹೋಗಿತ್ತು. ದೋಣಿ ಕಟ್ಟುವವನು ಊರು ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ವ್ಯಾಪಾರಿ ಮರ ಕಡಿಸಿ, ಹಲಗೆ ಸೀಳಿಸಿ, ತಾನೇ ಕಟ್ಟಲು ನಿಂತ. ಉಳಿ ಹಿಡಿದು ಅವನಿಗೆ ಅಭ್ಯಾಸವಿರಲಿಲ್ಲ.

ದೋಣಿ ಮುಗಿದ ದಿನ ಅದನ್ನು ನೀರಿಗಿಳಿಸಿ, ತಾನೂ ಹತ್ತಿದ. ಹತ್ತಿದ ಕೂಡಲೇ ಅದು ಮಗುಚಿತು. ದಡದಲ್ಲಿದ್ದ ಪದ್ಮಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂಡಾಸಿನಿಂದ ನೀರು ಸುರಿಸುತ್ತ ಅವನು ಮೇಲೆ ಬಂದ.

“ಯಾಕೆ ಮಗುಚಿತು ಅಪ್ಪಾ?” ಎಂದು ಅವಳು ಕೇಳಿದಳು.

“ನನಗೆ ಗೊತ್ತಿಲ್ಲ ಮಗಳೇ,” ಎಂದ ವ್ಯಾಪಾರಿ.

ಅಪ್ಪನ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ನಗು ನಿಂತಿತು. ಅವಳು ನೀರಿಗಿಳಿದು ದೋಣಿಯ ಸುತ್ತ ಒಂದು ಸುತ್ತು ಬಂದು, ಅದರ ತಳವನ್ನು ಮುಟ್ಟಿ ನೋಡಿದಳು.

ಮಾರನೆಯ ಬೆಳಿಗ್ಗೆ ಅಪ್ಪನನ್ನು ಎಬ್ಬಿಸಿದವಳು ಅವಳೇ. ಬಾಳೆದಿಂಡಿನಲ್ಲಿ ಪುಟ್ಟ ದೋಣಿಗಳನ್ನು ಕೊರೆದು ಬಾನಿಯ ನೀರಿನಲ್ಲಿ ತೇಲಿಬಿಟ್ಟಿದ್ದಳು. ಯಾವುದು ಮಗುಚುತ್ತದೆ, ಯಾವುದು ನಿಲ್ಲುತ್ತದೆ ಎಂದು ಇಬ್ಬರೂ ಬಗ್ಗಿ ನೋಡಿದರು. ತಳ ಅಗಲವಾದರೆ ನಿಲ್ಲುತ್ತದೆ ಎಂದು ಅವಳು ಕಂಡಳು. ತಳದಲ್ಲಿ ಕಲ್ಲಿಟ್ಟರೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅವನು ಕಂಡ. ಎಷ್ಟು ಅಗಲ, ಎಷ್ಟು ಕಲ್ಲು ಎಂಬಲ್ಲಿ ವಾದವಾಯಿತು. ಮೂಲೆ ಸೇರಿದ್ದ ಲೆಕ್ಕದ ಹಲಗೆಯನ್ನು ಅವಳು ಓಡಿಹೋಗಿ ತಂದಳು. ಗೇಣು, ಮೊಳಗಳನ್ನು ಗುಣಿಸಿ ಅಪ್ಪನ ತಪ್ಪನ್ನು ತೋರಿಸಿದಳು. ಅವನು ಮತ್ತೆ ಲೆಕ್ಕ ಹಾಕಿ ಅವಳ ತಪ್ಪನ್ನು ತೋರಿಸಿದ. ನೋಡುವವರಿಲ್ಲದೆ ಒಲೆಯ ಮೇಲಿನ ಅನ್ನ ಸೀದುಹೋಯಿತು.

ಎರಡನೆಯ ದೋಣಿ ವಾಲಿತು. ಇಬ್ಬರೂ ಬೇಸರಪಡಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದರು. ಮೂರನೆಯದು ನೀರಿನ ಮೇಲೆ ನೆಟ್ಟಗೆ ನಿಂತಿತು. ಪದ್ಮಲೆ ಹಾರಿ ಕುಳಿತು ಹುಟ್ಟು ಹಿಡಿದಳು. ಹೊಳೆಯ ಸೆಳೆತ ನಡುವೆಯೇ ಏಕೆ ಹೆಚ್ಚು, ಆಚೆ ದಡ ಹತ್ತಿರ ಕಂಡರೂ ಏಕೆ ದೂರ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು. ಕೆಲವಕ್ಕೆ ಅವನು ಉತ್ತರ ಹೇಳಿದ. ಕೆಲವನ್ನು ನಾಳೆ ಇಬ್ಬರೂ ಹುಡುಕೋಣ ಎಂದ. ಆಚೆ ದಡ ಮುಟ್ಟಿದರು. ಪಟ್ಟಣದ ದಾರಿ ಅಲ್ಲಿಂದಲೇ ಹೊರಡುತ್ತಿತ್ತು. ವ್ಯಾಪಾರಿ ಅದನ್ನು ಒಮ್ಮೆ ನೋಡಿ, ದೋಣಿಯನ್ನು ಮನೆಯ ಕಡೆಗೆ ತಿರುಗಿಸಿದ.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಾಂಬೆಯ ಮುಖ ಅರಳಿತ್ತು. ತನ್ನ ಮಗನಿಗೂ ಒಂದು ದೋಣಿ ಕಟ್ಟಲು ಕೊಡುವೆನೆಂದು ಅವಳು ಎದ್ದೇಬಿಟ್ಟಳು.

ಗುರುಗಳು ಕೇಳಿದರು: “ಅವನಿಗೆ ಕೊಡುವುದಿರಲಿ ತಾಯಿ, ಈ ವರ್ಷ ನೀನು ಏನು ಕಲಿಯುತ್ತಿದ್ದೀಯೆ?”

ಎದ್ದಿದ್ದ ಮಲ್ಲಾಂಬೆ ಮತ್ತೆ ಕುಳಿತಳು.